ಬಾಡಿಗೆ ಅತ್ತೆಯ ಕುರ್ಚಿ

ಅವಳನ್ನು ಎದುರಿಗೆ ಎಲ್ಲರೂ ಅಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ಬಾಡಿಗೆ ಅತ್ತೆ ಅನ್ನುತ್ತಾರೆ. ಎರಡಕ್ಕೂ ಅವಳು ಓಗೊಡುತ್ತಾಳೆ. ನನ್ನ ಮನೆಗೂ ಅವಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಲೋಟ ಉರುಳಿದರೆ ಈ ಕಡೆ ನಾನು ಬೆಚ್ಚಿಬೀಳುತ್ತೇನೆ. ಹಾಗಾಗಿ ಅವಳ ಬದುಕಿನ ಅರ್ಧ ಭಾಗ ನನ್ನ ಕಿವಿಯೊಳಗೇ ನಡೆದಿದೆ ಅಂದರೆ ತಪ್ಪಾಗದು. ಉಳಿದ ಅರ್ಧವನ್ನು ಓಣಿಯ ನಲ್ಲಿಯ ಹತ್ತಿರ ಕೊಡ ತುಂಬುವಾಗ ಅವಳೇ ಹೇಳಿದ್ದಾಳೆ.

ಮೊದಲು ಬೀದಿಯ ವಿಷಯ ಹೇಳಬೇಕು. ನೂರೈವತ್ತು ವರ್ಷದ ಹಿಂದಿನ ಮನೆಗಳು ಒಂದಕ್ಕೊಂದು ಭುಜ ಕೊಟ್ಟು ನಿಂತ ಬೀದಿ ಅದು. ಕಟ್ಟಿದವರ ಮೊಮ್ಮಕ್ಕಳ ಕಾಲಕ್ಕೆ ಮನೆಗಳು ಕುಸಿಯುವ ಹಂತಕ್ಕೆ ಬಂದಿದ್ದವು. ಆಗ ಹಳೇ ಕಟ್ಟಡ ಕಾಪಾಡುವ ಒಂದು ಕಚೇರಿಯವರು ಬಂದು ಇಡೀ ಬೀದಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಡಾಂಬರು ಕಿತ್ತು ಮೊದಲಿನ ಚಪ್ಪಡಿ ಕಲ್ಲು ಹಾಸಿದರು. ಕರೆಂಟಿನ ತಂತಿಯನ್ನು ನೆಲದೊಳಗೆ ಹೂತರು. ಕಿಟಕಿಗಳಿಗೆ ಹಳೆಯ ಬಣ್ಣವನ್ನೇ ಹುಡುಕಿ ಬಳಿದರು. ಈಗ ಊರೂರಿಂದ ಜನ ಟಿಕೆಟ್ಟು ತೆಗೆದುಕೊಂಡು ಬಂದು ಆ ಮನೆಗಳನ್ನು ನೋಡುತ್ತಾರೆ. ಆ ಬೀದಿಯ ಬೆನ್ನಿಗೆ ಅಂಟಿಕೊಂಡಿರುವ ಓಣಿಯಲ್ಲಿ ನಾವಿದ್ದೇವೆ. ಮುಂದಿನ ಬೀದಿ ಸತ್ತವರದು, ಹಿಂದಿನ ಓಣಿ ಬದುಕಿರುವವರದು. ಬದುಕಿರುವವರು ಬೆಳಿಗ್ಗೆ ಎದ್ದು ಸತ್ತವರ ಮನೆಗೆ ಕೆಲಸಕ್ಕೆ ಹೋಗುತ್ತೇವೆ, ಅಷ್ಟೇ.

ಕೆಲಸವೆಂದರೆ ಎಂಥ ಕೆಲಸ? ಮನೆ ಬರೀ ಗೋಡೆಯಾಗಿ ನಿಂತಿರಬಾರದು, ಆ ಕಾಲದ ಹಾಗೆಯೇ ನಡೆಯುತ್ತಿರಬೇಕು ಅನ್ನುವುದು ಕಚೇರಿಯವರ ಹಟ. ಕಮ್ಮಾರನ ಮನೆಯಲ್ಲಿ ಒಬ್ಬ ದಿನವಿಡೀ ಕಬ್ಬಿಣ ಬಡಿಯುತ್ತಾನೆ, ಆ ಕಬ್ಬಿಣ ಕುಡುಗೋಲೂ ಆಗುವುದಿಲ್ಲ, ಮೊಳೆಯೂ ಆಗುವುದಿಲ್ಲ. ಎಣ್ಣೆ ವ್ಯಾಪಾರಿಯ ಮನೆಯೇ ಬೀದಿಯಲ್ಲಿ ದೊಡ್ಡದು. ಅಲ್ಲಿ ಒಬ್ಬ ಅತ್ತೆ, ಇಬ್ಬರು ಸೊಸೆಯರು. ಸೊಸೆಯರು ಬಾವಿಯಿಂದ ನೀರು ಸೇದಬೇಕು, ತಾಮ್ರದ ಹಂಡೆಗೆ ಬೂದಿ ಹಾಕಿ ತಿಕ್ಕಬೇಕು, ಹಿಟ್ಟು ನಾದಬೇಕು. ಬೆಳಿಗ್ಗೆ ಕಲಸಿದ ಹಿಟ್ಟನ್ನೇ ಸಂಜೆಯವರೆಗೂ ನಾದುವುದು. ಅದನ್ನು ತಿನ್ನುವವರಿಲ್ಲ, ಬೇಯಿಸುವವರೂ ಇಲ್ಲ. ಇನ್ನು ಗುಡಿಸುವುದು. ಯಾರೂ ವಾಸವಿಲ್ಲದ ಮನೆಯಲ್ಲಿ ಕಸ ಎಲ್ಲಿಂದ ಬರಬೇಕು? ಅದಕ್ಕೆ ಕಚೇರಿಯವರು ಒಂದು ಬುಟ್ಟಿ ಒಣಗಿದ ಎಲೆ ಇಟ್ಟಿದ್ದಾರೆ. ಒಬ್ಬ ಸೊಸೆ ಅದನ್ನು ಅಂಗಳಕ್ಕೆ ಚೆಲ್ಲುತ್ತಾಳೆ, ನೋಡುವವರು ಬಂದಾಗ ಗುಡಿಸುತ್ತಾಳೆ, ಗುಡಿಸಿದ್ದನ್ನು ಮತ್ತೆ ಬುಟ್ಟಿಗೆ ತುಂಬುತ್ತಾಳೆ. ಜನ ನೋಡುತ್ತಿರುವಾಗ ಸೊಸೆಯರು ಕೂರುವ ಹಾಗಿಲ್ಲ. ಜನ ನೋಡದ ಹೊತ್ತು ಅಲ್ಲಿ ಕಡಿಮೆ.

ಕೂರುವವಳು ಅತ್ತೆ ಒಬ್ಬಳೇ. ಮುಂದಿನ ಕೋಣೆಯಲ್ಲಿ ಎತ್ತರದ ಬೆನ್ನಿನ ಕರಿಮರದ ಕುರ್ಚಿ ಇದೆ. ಅದರ ಕೈಗಳು ಎಷ್ಟೋ ಅಂಗೈ ತಾಗಿ ತಾಗಿ ಹೊಳೆಯುತ್ತವೆ. ಮನೆ ಕಟ್ಟಿದಾತ ತನ್ನ ತಾಯಿಗೆಂದೇ ಜಾಗ ನೋಡಿ ಇಡಿಸಿದ್ದಂತೆ. ಅಲ್ಲಿ ಕೂತರೆ ಬೀದಿಬಾಗಿಲು, ಅಡುಗೆಮನೆ, ಹಿತ್ತಲ ಬಾವಿ ಎಲ್ಲವೂ ಕತ್ತು ಹೊರಳಿಸಿದರೆ ಸಾಕು ಕಾಣುತ್ತವೆ. ಯಾವ ಸೊಸೆ ಎಲ್ಲಿ ಉಸ್ಸೆಂದು ನಿಂತಳು ಅನ್ನುವುದು ಆ ಕುರ್ಚಿಗೆ ತಪ್ಪುವುದಿಲ್ಲ.

ಆ ಕುರ್ಚಿಗೆ ಏರಲು ನಮ್ಮ ಅಕ್ಕನಿಗೆ ಅರ್ಧ ಆಯುಸ್ಸು ಹಿಡಿಯಿತು.

ಅವಳು ಈ ಓಣಿಗೆ ಮದುವೆಯಾಗಿ ಬಂದ ಹೊಸತರಲ್ಲೇ ಎಣ್ಣೆ ವ್ಯಾಪಾರಿಯ ಮನೆಗೆ ಸಣ್ಣ ಸೊಸೆಯಾಗಿ ಸೇರಿದಳು. ಮನೆಯಲ್ಲೂ ಸೊಸೆ, ಕೆಲಸದಲ್ಲೂ ಸೊಸೆ. ಗಂಡ ಲಾರಿ ಓಡಿಸುತ್ತಾನೆ. ಬಂದಾಗ ನಿದ್ದೆ ಮಾಡುತ್ತಾನೆ, ಎದ್ದಾಗ ಹೊರಡುತ್ತಾನೆ. ಮಕ್ಕಳಾಗಲಿಲ್ಲ. ಮನೆಯಲ್ಲಿ ಉಳಿದದ್ದು ಅವಳು, ಅವಳ ಅತ್ತೆ. ಈ ಅತ್ತೆಯನ್ನು ಊರೆಲ್ಲ ಚಹಾದಜ್ಜಿ ಅನ್ನುತ್ತದೆ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಪ್ರಾಯದಿಂದ ಮುಪ್ಪಿನವರೆಗೆ ಚಹಾ ಕಾಸಿದವಳು. ಹೊರಟ ಬಸ್ಸನ್ನು ಕೂಗಿ ನಿಲ್ಲಿಸಬಲ್ಲ ಗಂಟಲು ಅದು. ಅಂಗಡಿ ಬಿಟ್ಟ ಮೇಲೆ ಆ ಗಂಟಲಿಗೆ ಗಿರಾಕಿ ಅಂತ ಉಳಿದವಳು ಸೊಸೆ ಮಾತ್ರ. ಒಳಕೋಣೆಯ ಮಂಚದ ಮೇಲೆ ಮಲಗಿಕೊಂಡೇ, "ಒಲೆ ಹಚ್ಚಿದೆಯಾ? ಬಾಗಿಲು ಹಾಕಿದೆಯಾ? ನೀರು ತಾ" ಅನ್ನುತ್ತಿದ್ದಳು. ಕೆಟ್ಟವಳಲ್ಲ. ಕೈ ಎತ್ತಿದವಳಲ್ಲ, ಊಟಕ್ಕೆ ಕಣ್ಣು ಹಾಕಿದವಳಲ್ಲ. ಬಾಯಿ ಸುಮ್ಮನಿರದ ಜಾತಿ.

ಅಕ್ಕ ಸಣ್ಣ ಸೊಸೆಯಿಂದ ದೊಡ್ಡ ಸೊಸೆಯಾದಳು. ನಿಂತು ನಿಂತು ಅವಳ ಮೀನಖಂಡದಲ್ಲಿ ನರಗಳು ಹಗ್ಗದ ಹಾಗೆ ಉಬ್ಬಿದವು. ಸಂಜೆ ಹೊತ್ತಿಗೆ ಪಾದ ಚಪ್ಪಲಿಯಲ್ಲಿ ಹಿಡಿಯುತ್ತಿರಲಿಲ್ಲ. ಆಸ್ಪತ್ರೆಗೆ ಹೋದಳು. ನಿಂತು ಮಾಡುವ ಕೆಲಸ ಬಿಡಬೇಕಮ್ಮಾ, ಇಲ್ಲದಿದ್ದರೆ ಹುಣ್ಣಾಗುತ್ತದೆ ಅಂದರು ಡಾಕ್ಟರು.

"ನಿಂತು ಮಾಡೋದು ಬಿಟ್ರೆ ಮಲಗಿ ಮಾಡೋ ಕೆಲಸ ಸಾಯೋದು ಒಂದೇ, ಡಾಕ್ಟ್ರೇ" ಅಂದು ಬಂದಳಂತೆ.

ಅದೇ ಸುಮಾರಿಗೆ ಮೊದಲಿನ ಬಾಡಿಗೆ ಅತ್ತೆ ಮಗಳ ಮನೆ ಸೇರಿಕೊಂಡಳು. ಕುರ್ಚಿ ಖಾಲಿಯಾಯಿತು, ಅಕ್ಕ ಕೂತಳು. ಅವತ್ತು ನಲ್ಲಿಯ ಹತ್ತಿರ ಅವಳ ಮುಖ ನೋಡಬೇಕಿತ್ತು. ನಗಲಿಲ್ಲ, ಆದರೆ ಯಾರೋ ಹೆಗಲ ಮೇಲಿನ ಮೂಟೆ ಇಳಿಸಿದ ಹಾಗಿತ್ತು. "ಅಣ್ಣಾ, ಹಗಲೆಲ್ಲ ಕೂತೇ ಇದ್ದೆ. ಪಾದ ನನ್ನದೇ ಅನ್ನಿಸ್ತು" ಅಂದಳು. ಅಂದಿನಿಂದ ಊತ ಕಡಿಮೆಯಾಗುತ್ತ ಬಂತು. ಹಗಲು ಅತ್ತೆಯಾಗಿ ಕೂರುವುದು, ಸಂಜೆ ಸೊಸೆಯಾಗಿ ಏಳುವುದು. ಹಾಗೆ ನಡೆದಿತ್ತು.

ಆಮೇಲೆ ಒಂದು ಸಂಜೆ ಬಾಯಿ ತಪ್ಪಿತು.

ಆ ದಿನ ಜನ ವಿಪರೀತ. ಒಂದೇ ಮಾತನ್ನು ಆಡಿ ಆಡಿ ಅವಳ ನಾಲಿಗೆಗೆ ಜಡ್ಡು ಕಟ್ಟಿತ್ತು. ಮನೆಗೆ ಬಂದವಳು ಬಾಗಿಲ ಬಳಿ ಕೂತು ಚಪ್ಪಲಿ ಬಿಚ್ಚಿದಳು. ಬೆನ್ನು ಗೋಡೆಗೆ ತಾಗಿದ್ದೇ ತಡ, ಕುರ್ಚಿಯ ಮಾತು ತಾನಾಗಿ ಹೊರಬಿತ್ತು:

"ಏ, ಒಳಗಿರೋದು ಯಾರು? ನೀರು ತಾ. ಕೈಗೇನು ಬಾಡಿಗೆ ಕೊಡಬೇಕಾ?"

ನಾನು ಈ ಕಡೆ ಊಟಕ್ಕೆ ಕೂತಿದ್ದೆ. ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಆ ಕಡೆ ಒಳಗಿದ್ದವಳು ಚಹಾದಜ್ಜಿ ಒಬ್ಬಳೇ. ಆಮೇಲೆ ಮಂಚ ಕಿರುಗುಟ್ಟಿತು.

"ಯಾರಿಗೆ ಹೇಳಿದ್ದು?"

"ಬಾಯಿ ತಪ್ಪಿ ಬಂತು ಅತ್ತೆ. ಕೆಲಸದ ಮಾತು."

"ಕೆಲಸದಲ್ಲಿ ಹೀಗೆಲ್ಲ ಮಾತಾಡ್ತೀಯಾ ನೀನು?"

"ಮಾತಾಡಬೇಕು ಅತ್ತೆ. ಅಲ್ಲಿ ನಾನು ಅತ್ತೆ."

"ನೀನು?" ಮುದುಕಿಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಗಿತ್ತು. ಸೊಸೆ ಇಷ್ಟು ವರ್ಷ ಹೋಗಿ ಬಂದು ಮಾಡುತ್ತಿದ್ದ ಕೆಲಸವನ್ನು ಅವಳು ಒಮ್ಮೆಯೂ ಹೋಗಿ ನೋಡಿರಲಿಲ್ಲ. "ನಾಳೆ ನಾನೂ ಬರ್ತೀನಿ. ಎಂಥಾ ಅತ್ತೆ ಅಂತ ನೋಡೋಣ."

"ಬೇಡ ಅತ್ತೆ. ಚಪ್ಪಡಿ ಏರುಪೇರಾಗಿದೆ, ಎಡವ್ತೀರಿ."

"ಬಸ್ಸಿನ ಚಕ್ರದ ಮಧ್ಯೆ ಓಡಾಡಿದ ಕಾಲಿದು. ನಿನ್ನ ಚಪ್ಪಡಿಗೆ ಹೆದರುತ್ತಾ?"

ಮಾರನೇ ದಿನ ಹೋದಳು. ನೋಡುವವರಿಗೆಂದು ಗೋಡೆಗೆ ಹಾಕಿದ ಬೆಂಚಿನ ಮೇಲೆ ಕೋಲೂರಿ ಕೂತಳು. ಸೊಸೆ ಎದುರಿಗೆ ಕುರ್ಚಿಯಲ್ಲಿ, ತಲೆಗೆ ಹಳೇ ಕಾಲದ ವಸ್ತ್ರ ಕಟ್ಟಿಕೊಂಡು. ಎದುರಲ್ಲಿ ನಿಜವಾದ ಅತ್ತೆ ಕೂತಿರುವಾಗ ಸುಳ್ಳು ಅತ್ತೆಗೆ ಗಂಟಲು ಎಲ್ಲಿಂದ ಬರಬೇಕು?

"ಹಿತ್ತಲಲ್ಲಿ ಬಟ್ಟೆ ಒಣಗಿತಾ?" ಅಂದಳು ಮೆಲ್ಲಗೆ.

ಬೆಂಚಿನಿಂದ ಮಾತು ಬಂತು. "ಹಾಗೆ ಕೇಳಿದ್ರೆ ಯಾವ ಸೊಸೆ ಹೆದರ್ತಾಳೆ? ನೆಂಟರ ಆರೋಗ್ಯ ವಿಚಾರಿಸಿದ ಹಾಗಿದೆ."

ಸುತ್ತ ನಿಂತಿದ್ದವರು ನಕ್ಕರು. ಇದೂ ಆಟದ ಭಾಗ ಅಂದುಕೊಂಡರು.

"ಒಣಗಿತಾ ಅಂತ ಕೇಳಬಾರದು" ಅಂದಳು ಮುದುಕಿ, ಜನರ ಕಡೆ ತಿರುಗಿ. "ಯಾಕೆ ಒಣಗಿಲ್ಲ ಅಂತ ಕೇಳಬೇಕು. ಒಣಗಿದ್ರೂ ಕೇಳಬೇಕು."

ಮನೆ ಬಿದ್ದುಹೋಗುವ ಹಾಗೆ ನಗು. ಹಿಟ್ಟು ನಾದುತ್ತಿದ್ದ ಸಣ್ಣ ಸೊಸೆ, ಇನ್ನೂ ಮದುವೆಯಾಗದ ಹುಡುಗಿ ಅವಳು, ತಲೆವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು. ಬಾಗಿಲಲ್ಲಿ ಕಚೇರಿಯ ಮೇಲ್ವಿಚಾರಕ ನಿಂತಿದ್ದ. ಒಳ್ಳೆಯ ಮನುಷ್ಯ, ಆದರೆ ಜನ ನಕ್ಕ ಕಡೆ ಅವನ ಕಣ್ಣು ಅಂಟಿಕೊಳ್ಳುತ್ತದೆ.

"ಅಜ್ಜೀ, ದಿನಾ ಬರ್ತೀರಾ?" ಅಂದ.

"ಬಂದು ಏನು ಮಾಡಲಿ?"

"ಏನೂ ಮಾಡಬೇಡಿ. ಆ ಕುರ್ಚೀಲಿ ಕೂತು ಬಾಯಿಗೆ ಬಂದದ್ದು ಬೈಯ್ತಾ ಇರಿ."

"ಅದಕ್ಕೆ ಕೆಲಸ ಅಂತೀರಾ ನೀವು?" ಅಂದಳು ಮುದುಕಿ. ಆದರೆ ಮಂಚದ ಮೇಲೆ ಹೊರಳಿ ಹೊರಳಿ ಹಗಲು ಕಳೆಯುತ್ತಿದ್ದ ಜೀವ ಅದು. ಅವಳ ಮುಖಕ್ಕೆ ರಂಗು ಏರಿದ್ದನ್ನು ಸೊಸೆ ಕಂಡಳು.

ಮೇಲ್ವಿಚಾರಕ ಅಕ್ಕನ ಕಡೆ ತಿರುಗಿದ. "ಅಕ್ಕಾ, ನೀವು ಸ್ವಲ್ಪ ದಿನ ಮೊದಲಿನ ಹಾಗೆ ದೊಡ್ಡ ಸೊಸೆ ಆಗಿಬಿಡಿ. ಈಗಿರೋ ದೊಡ್ಡ ಸೊಸೇನ ಕಮ್ಮಾರನ ಮನೆಗೆ ಹಾಕ್ತೀನಿ. ನಿಜವಾದ ಅತ್ತೆ, ನಿಜವಾದ ಸೊಸೆ. ಜನ ಮುಗಿಬೀಳ್ತಾರೆ ನೋಡಿ."

"ಆಗಲಿ ಸರ್" ಅಂದಳು ಅವಳು. ಎದ್ದಳು.

ಕಾಲಿನ ವಿಷಯ ಯಾಕೆ ಹೇಳಲಿಲ್ಲ ಅಂತ ನಲ್ಲಿಯ ಹತ್ತಿರ ನಾನೇ ಕೇಳಿದೆ. "ಹೇಳಿದ್ರೆ ಏನಂತಾರೆ ಅಣ್ಣಾ? ಕಾಲಿಲ್ಲದವಳು ಮನೇಲಿರು ಅಂತಾರೆ. ಲಾರಿ ಒಂದನ್ನೇ ನಂಬಿಕೊಂಡು ಮನೆ ನಡೆಯಲ್ಲ." ಕೊಡ ಎತ್ತಿ ಸೊಂಟಕ್ಕೇರಿಸಿದಳು. "ಆ ಕುರ್ಚೀನ ನಾನು ದೊಡ್ಡಸ್ತಿಕೆಗೆ ಆಸೆ ಪಟ್ಟವಳಲ್ಲ. ನನ್ನ ಕಾಲಿಗೆ ಅದೊಂದೇ ಜಾಗ ಇತ್ತು."

ಅತ್ತೆಯ ಹತ್ತಿರ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಮುದುಕಿ ಬೆಳಿಗ್ಗೆ ತಾನಾಗಿ ಎದ್ದು ತಲೆ ಬಾಚಿಕೊಂಡು ಕೋಲು ಹಿಡಿದು ಬಾಗಿಲಲ್ಲಿ ಕಾಯುವುದನ್ನು ನೋಡಿದ ಮೇಲೆ ಅವಳಿಗೆ ಬಾಯಿ ಬರಲಿಲ್ಲ.

ಹೀಗೆ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಹೋಗುವುದು, ಒಟ್ಟಿಗೆ ಬರುವುದು ಶುರುವಾಯಿತು. ಅಜ್ಜಿ ಕುರ್ಚಿಯಲ್ಲಿ ಕೂತು ಗಂಟಲು ಬಿಟ್ಟಳೆಂದರೆ ಪಕ್ಕದ ಮನೆ ನೋಡಲು ಬಂದವರೂ ಇಲ್ಲಿಗೆ ನುಗ್ಗುತ್ತಿದ್ದರು. ಸೊಸೆ ಎಲೆ ಚೆಲ್ಲಿ ಗುಡಿಸುತ್ತಿದ್ದಳು, ಗುಡಿಸಿ ಚೆಲ್ಲುತ್ತಿದ್ದಳು.

"ಅಕ್ಕಾ, ಬಡ್ತಿ ಕೊಟ್ಟು ಕಿತ್ಕೊಂಡ್ರಲ್ಲ" ಎಂದು ಕೆಣಕುತ್ತಿದ್ದಳು ಸಣ್ಣ ಸೊಸೆ. "ಹೋಗ್ಲಿ, ಬೈಗುಳ ಹೊಸದಾಗಿ ಕಲೀಬೇಕಿಲ್ಲ. ಮನೇಲಿ ಕೇಳಿದ್ದೇ ಇಲ್ಲೂ."

"ನಿನಗೆ ಮದುವೆ ಆಗಲಿ, ಆಗ ನಗು" ಅನ್ನುತ್ತಿದ್ದಳು ಅಕ್ಕ, ಪೊರಕೆ ನಿಲ್ಲಿಸದೆ.

ಊತ ಮತ್ತೆ ಬಂತು. ಈ ಸಲ ಮೊಣಕಾಲಿನ ತನಕ. ಮನೆಗೆ ಬಂದ ಮೇಲೂ ಕೂರುವುದಿಲ್ಲವಲ್ಲ, ಒಲೆ ಇದೆ, ಪಾತ್ರೆ ಇದೆ, ಒಳಕೋಣೆಯಿಂದ "ನೀರು ತಾ" ಇದೆ. ಗೋಡೆಯ ಈಚೆಯಿಂದ ನನಗೆ ಅವಳ ಹೆಜ್ಜೆಯ ಸದ್ದು ಬದಲಾದದ್ದು ತಿಳಿಯುತ್ತಿತ್ತು. ಒಂದು ಹೆಜ್ಜೆ ಊರುವುದು, ಇನ್ನೊಂದು ಎಳೆಯುವುದು. ದಣಿವಿಗೂ ಒಂದು ಸದ್ದಿದೆ, ಕೇಳಿಸಿಕೊಂಡವರಿಗೆ ಗೊತ್ತು.

ಆದರೆ ಒಂದು ಮಾತು. ಮನೆಯಲ್ಲಿ ಚಹಾದಜ್ಜಿ ಮಲಗುವ ಮಂಚ ಗೋಡೆಗೆ ಮುಖ ಮಾಡಿದೆ. ಸೊಸೆಯನ್ನು ಅವಳು ಇಷ್ಟು ವರ್ಷ ಕೇಳಿಸಿಕೊಂಡಿದ್ದಳೇ ಹೊರತು ಕಂಡಿರಲಿಲ್ಲ. ಪಾತ್ರೆಯ ಸದ್ದು, ನೀರಿನ ಸದ್ದು, "ಬಂದೆ ಅತ್ತೆ" ಅನ್ನುವ ದನಿ, ಇಷ್ಟೇ ಅವಳ ಪಾಲಿನ ಸೊಸೆ. ಈಗ ಕರಿಮರದ ಕುರ್ಚಿಯಲ್ಲಿ ಕೂತವಳಿಗೆ ಬೇರೆ ಕೆಲಸವಿಲ್ಲ. ಕಣ್ಣೆದುರು ಅಂಗಳ, ಅಡುಗೆಮನೆ, ಬಾವಿ. ಎಲ್ಲಿ ನೋಡಿದರೂ ಅವಳೇ. ನೀರು ಸೇದಿ ಬಂದವಳು ಬಾಗಿಲ ಚೌಕಟ್ಟಿಗೆ ಕೈಯಾನಿಸಿ ಒಂದು ಕಾಲನ್ನು ಕೊಕ್ಕರೆಯ ಹಾಗೆ ಎತ್ತಿ ಹಿಡಿಯುವುದು, ಯಾರಾದರೂ ಒಳಗೆ ಬಂದರೆ ಥಟ್ಟನೆ ಇಳಿಸುವುದು, ಹಂಡೆ ತಿಕ್ಕುವ ನೆವದಲ್ಲಿ ಹೊಟ್ಟೆಯನ್ನು ಕಟ್ಟೆಗೆ ಆನಿಸಿ ಮೈಭಾರ ಇಳಿಸಿಕೊಳ್ಳುವುದು, ಎಲ್ಲ ಕಂಡಿತು. ನೋಡಿದ್ದನ್ನು ಅಜ್ಜಿ ಆಡಲಿಲ್ಲ. ಬೈಗುಳ ಮಾತ್ರ ಸ್ವಲ್ಪ ಬತ್ತಿತು. ಮೇಲ್ವಿಚಾರಕ ಬಂದು, "ಅಜ್ಜೀ, ಮೈ ಹುಷಾರಿಲ್ವಾ? ಜೋರೇ ಇಲ್ಲ" ಅಂದ.

"ಬೈಯೋದಕ್ಕೂ ಹಸಿವಾಗಬೇಕು ಸ್ವಾಮಿ" ಅಂದಳಂತೆ.

ಆಮೇಲಿನದನ್ನು ನಾನು ಕಣ್ಣಾರೆ ಕಂಡೆ. ನನ್ನದು ಮರಗೆಲಸ, ಆ ಮನೆಯ ಕಿಟಕಿಯ ತಿರುಗಣಿ ಬಿಗಿ ಮಾಡಲು ನನ್ನನ್ನು ಕರೆಸಿದ್ದರು. ಜನ ಕಿಕ್ಕಿರಿದಿದ್ದರು. ಅಕ್ಕ ಬಾವಿಯಿಂದ ಕೊಡ ತಂದು ಹಂಡೆಗೆ ಸುರಿದು, ಮತ್ತೆ ಚೌಕಟ್ಟು ಹಿಡಿದು ಕಾಲೆತ್ತಿ ನಿಂತಳು.

"ಬಾ ಇಲ್ಲಿ" ಅಂತ ಕುರ್ಚಿಯಿಂದ ಕೂಗು ಬಂತು. ಬಸ್ಸು ನಿಲ್ಲಿಸುವ ಕೂಗು.

ಅಕ್ಕ ಲೋಟದಲ್ಲಿ ನೀರು ಹಿಡಿದುಕೊಂಡು ಓಡಿದಳು.

"ನೀರು ಯಾರು ಕೇಳಿದ್ರು? ಕೂತ್ಕೋ."

ಅಕ್ಕನಿಗೆ ತಿಳಿಯಲಿಲ್ಲ. ಕೂರು ಅನ್ನುವ ಮಾತು ಆ ಆಟದಲ್ಲೂ ಇರಲಿಲ್ಲ, ಅವಳ ಮನೆಯಲ್ಲೂ ಇರಲಿಲ್ಲ. "ಬಟ್ಟೆ ಒಣಗಿದೆ ಅತ್ತೆ" ಅಂದಳು, ಕಲಿತ ಮಾತನ್ನು.

"ಬಟ್ಟೆ ಹಾಳಾಗಿ ಹೋಗಲಿ. ಕೂತ್ಕೋ ಅಂದೆ." ಮುದುಕಿ ಕೋಲೂರಿ ಎದ್ದಳು. ಸೊಸೆಯ ರಟ್ಟೆ ಹಿಡಿದು ಕುರ್ಚಿಗೆ ದಬ್ಬಿದಳು. ಆಮೇಲೆ ಪೊರಕೆ ತೆಗೆದುಕೊಂಡು ಅಂಗಳಕ್ಕೆ ಹೋಗಿ, ಒಂದು ಕೈಯಲ್ಲಿ ಕೋಲು ಒಂದು ಕೈಯಲ್ಲಿ ಪೊರಕೆ, ಎಲೆಯನ್ನು ಗುಡಿಸಿದ್ದಕ್ಕಿಂತ ಹೆಚ್ಚು ಚೆದುರಿಸಿದಳು. ಜನ ಚಪ್ಪಾಳೆ ಹೊಡೆದರು. ಒಬ್ಬ ಹೆಂಗಸು ಮಾತ್ರ ಹೊಡೆಯಲಿಲ್ಲ, ತನ್ನ ಜೊತೆ ಬಂದಿದ್ದ ವಯಸ್ಸಾದವಳ, ಅತ್ತೆಯೇ ಇರಬೇಕು, ಮುಖ ನೋಡಿದಳು.

ಅಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕೈಯಲ್ಲಿ ಆ ನೀರಿನ ಲೋಟ ಹಾಗೇ ಇತ್ತು. ಕೊನೆಗೆ ತಾನೇ ಕುಡಿದಳು.

ಜನ ಹೋದ ಮೇಲೆ ಮೇಲ್ವಿಚಾರಕ ಬಂದ. "ಅಜ್ಜೀ, ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದ್ರೆ ಆ ಕಾಲದಲ್ಲಿ ಅತ್ತೆ ಎದ್ದು ಸೊಸೇನ ಕೂರಿಸ್ತಿರಲಿಲ್ಲ. ನಾಳೆಯಿಂದ ಬೇಡ."

"ಕೂರಿಸ್ತಿರಲಿಲ್ಲ, ಸರಿ" ಅಂದಳು ಮುದುಕಿ. ಜಗಳಕ್ಕೆ ಹೋಗಲಿಲ್ಲ. "ನನ್ನನ್ನೂ ಯಾರೂ ಕೂರಿಸಲಿಲ್ಲ. ಒಲೆ ಮುಂದೆ ನಿಂತೇ ಮುದುಕಿ ಆದೆ. ನಾಳೆಯಿಂದ ನಾನು ಬರಲ್ಲ. ಇವಳ ಕುರ್ಚಿ ಇವಳಿಗೆ ಕೊಡಿ."

"ಬೇಜಾರು ಮಾಡ್ಕೋಬೇಡಿ ಅಜ್ಜೀ."

"ಬೇಜಾರಲ್ಲ. ಕೂತು ಕೂತು ನನ್ನ ಸೊಂಟ ಬಿದ್ದುಹೋಯ್ತು. ಇವಳ ಕಾಲು ನೋಡಿದ್ದೀರಾ ನೀವು?"

ಅವನು ನೋಡಿದ. ಅಕ್ಕ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು, ಕಳ್ಳಿಯ ಹಾಗೆ. ಅವನು ತಿರುಗಿ ಕಚೇರಿಯ ಕಡೆ ಹೋದ. ಆ ಇಡೀ ರಾತ್ರಿ ಅವಳಿಗೆ ಕೆಲಸ ಹೋಯಿತೆಂದೇ ಲೆಕ್ಕ.

ಹೋಗಲಿಲ್ಲ. ಕುರ್ಚಿಯಲ್ಲಿ ಕೂರುವವರು ಬೇರೆ ಯಾರಿದ್ದಾರೆ? ಅವಳನ್ನೇ ಕೂರಿಸಿದರು, ಕಮ್ಮಾರನ ಮನೆಗೆ ಹೋಗಿದ್ದವಳನ್ನು ವಾಪಸ್ಸು ಕರೆದರು. ಜನ ಮಾತ್ರ ಬಂದು ಬಂದು, ಆ ಬಾಯಿ ಜೋರಿನ ಅಜ್ಜಿ ಎಲ್ಲಿ ಅಂತ ಕೇಳುತ್ತಿದ್ದರು. ಮೇಲ್ವಿಚಾರಕ ತಡೆಯಲಾರದೆ ಒಂದು ಮಧ್ಯಾಹ್ನ ಓಣಿಗೇ ಬಂದು ಅವಳ ಬಾಗಿಲು ತಟ್ಟಿದ. ನಾನು ಜಗುಲಿಯಲ್ಲಿದ್ದೆ.

"ಯಾರು ಬೇಕು?" ಒಳಗಿನಿಂದ ಗಂಟಲು.

"ಅತ್ತೆಯವರು ಇದ್ದಾರಾ?"

"ಇಲ್ಲ. ಕೆಲಸಕ್ಕೆ ಹೋಗಿದ್ದಾಳೆ."

ಅವನು ನನ್ನ ಮುಖ ನೋಡಿದ, ನಾನು ಓಣಿಯ ತುದಿ ನೋಡಿದೆ. ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋದ.

ಅಕ್ಕನ ಕಾಲು ಪೂರಾ ಇಳಿಯಲಿಲ್ಲ. ಉಬ್ಬಿದ ನರ ಒಳಗೆ ಹೋಗುವುದಿಲ್ಲವಂತೆ, ಇದ್ದಷ್ಟರಲ್ಲಿ ಉಳಿಸಿಕೊಳ್ಳಬೇಕಂತೆ. ಬೆಳಿಗ್ಗೆ ಹೋಗುತ್ತಾಳೆ, ಕೂತು, ಯಾಕೆ ಒಣಗಿಲ್ಲ ಅಂತ ಕೇಳುತ್ತಾಳೆ. ಒಣಗಿತಾ ಅನ್ನುವುದನ್ನು ಬಿಟ್ಟಿದ್ದಾಳೆ. ಸಂಜೆ ಅದೇ ಏರುಪೇರು ಚಪ್ಪಡಿಯ ಮೇಲೆ ಒಂದು ಹೆಜ್ಜೆ ಊರಿ ಒಂದು ಎಳೆದು ಬರುತ್ತಾಳೆ. ಅತ್ತೆ ಅವಳಿಗೆ ಒಳ್ಳೆಯ ಮಾತು ಆಡಿದ್ದನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಒಲೆ ಹಚ್ಚಿದೆಯಾ, ಬಾಗಿಲು ಹಾಕಿದೆಯಾ, ಎಲ್ಲ ಮೊದಲಿನಂತೆಯೇ.

ಒಂದು ಸದ್ದು ಮಾತ್ರ ಹೊಸದು. ಅಂಗಡಿ ಮುಚ್ಚುವಾಗ ಮುದುಕಿ ಬಸ್ ಸ್ಟ್ಯಾಂಡಿನಿಂದ ತಂದ ಮರದ ಸ್ಟೂಲು ಒಂದಿದೆ, ಗಿರಾಕಿಗಳು ಕೂರಲು ಇಟ್ಟಿದ್ದು. ಅದನ್ನು ಅವಳು ದಿನಾ ಸಂಜೆ ಒಳಕೋಣೆಯಿಂದ ಅಡುಗೆಮನೆಗೆ ಎಳೆದುಕೊಂಡು ಬರುತ್ತಾಳೆ. ಕರ್ರೆಂದು ನೆಲ ಕೆರೆಯುವ ಸದ್ದು, ಮಧ್ಯೆ ಮಧ್ಯೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತದೆ.

"ಕೂತು ತರಕಾರಿ ಹೆಚ್ಚು" ಅನ್ನುತ್ತಾಳೆ. ನೀರು ತಾ ಅನ್ನುವ ದನಿಯಲ್ಲೇ.

"ಆಯ್ತು ಅತ್ತೆ."

ಆಮೇಲೆ ಮಣೆಯ ಮೇಲೆ ಚಾಕುವಿನ ಸದ್ದು, ನಿಧಾನವಾಗಿ.